ಅಸಿಟನಿಲೈಡ್‌ನಲ್ಲಿ ಅರ್ಧ ಎಲ್ಲಿ ಹೋಯಿತು? ಮೊದಲ ವರ್ಷದ ಸಾವಯವ ಪ್ರಯೋಗಾಲಯದ ಕೈಕೆಲಸದ ಬಗ್ಗೆ ಚರ್ಚೆ

ನೀಲಿಜ್ವಾಲೆ

ಮೊದಲ ವರ್ಷದವರ ಸಾವಯವ ರಸಾಯನ ಪ್ರಯೋಗಾಲಯದ ಹೊಣೆ ಈ ಸೆಮಿಸ್ಟರ್‌ನಿಂದ ನನ್ನದು. ಕಚ್ಚಾ ಅಸಿಟನಿಲೈಡನ್ನು ನೀರಿನಲ್ಲಿ ಮರುಸ್ಫಟಿಕೀಕರಣ ಮಾಡುವುದು ಮೊದಲ ಪ್ರಯೋಗ, ಅಂದರೆ ಕಶ್ಮಲ ಬೆರೆತ ಆ ಸಾವಯವ ವಸ್ತುವನ್ನು ಕುದಿನೀರಿನಲ್ಲಿ ಕರಗಿಸಿ, ತಣಿಸಿ, ಶುದ್ಧ ಹರಳಾಗಿ ಮರಳಿ ಪಡೆಯುವುದು. ಎಲ್ಲರಿಗೂ ಒಂದೇ ಶೀಷೆಯಿಂದ 5 ಗ್ರಾಂ ತೂಗಿ ಕೊಟ್ಟಿದ್ದೆವು. ಹೆಚ್ಚಿನವರಿಗೆ 4 ಗ್ರಾಂ ಆಸುಪಾಸಿನಲ್ಲಿ ಹರಳು ಸಿಕ್ಕಿತು. ಒಂದು ತಂಡಕ್ಕೆ ಮಾತ್ರ 2.6 ಗ್ರಾಂ. ಆ ತಂಡದವರು ಶ್ರದ್ಧೆಯಿಂದ ಕೆಲಸ ಮಾಡುವವರು, ಏನನ್ನೂ ಚೆಲ್ಲಿಲ್ಲ ಎನ್ನುತ್ತಾರೆ.

ಅವರ ನೋಟ್‌ಪುಸ್ತಕದಲ್ಲಿ ಇರುವುದು ಇಷ್ಟು. 60 ಮಿ.ಲೀ. ನೀರು ಹಾಕಿ ಕುದಿಸಿದಾಗ ಪುಡಿ ಮಾಯವಾಯಿತು, ಆದರೆ ತಳದಲ್ಲಿ ಎಣ್ಣೆಯಂಥ ಹನಿಗಳು ಉಳಿದವು. ಅವು ಹೋಗಲಿ ಎಂದು ನೀರು ಸೇರಿಸುತ್ತಾ ಒಟ್ಟು 250 ಮಿ.ಲೀ. ಆಯಿತು. ದ್ರಾವಣ ಕಂದು ಛಾಯೆಯಲ್ಲಿತ್ತು, ಇದ್ದಿಲು ಹಾಕಿ ಬಿಸಿಯಾಗಿಯೇ ಸೋಸಿದರು. ಸೋಸುವಾಗ ಆಲಿಕೆಯ ಕಾಗದದ ಮೇಲೆಯೇ ಬಿಳಿ ಸೂಜಿಗಳು ಬೆಳೆದವು. ನಲ್ಲಿಯ ನೀರಿನ ಕೆಳಗೆ ತಣಿಸಿ, ಪಂಪ್ ಹಾಕಿ ಸೋಸಿ, 100 ಮಿ.ಲೀ. ನೀರಿನಿಂದ ತೊಳೆದರು. ಅದೇ ದಿನ ನೋಡಿದ ಕರಗುವ ಬಿಂದು 108–112 °ಸೆ. (ಶುದ್ಧವಾದದ್ದು 114ರಲ್ಲಿ ಕರಗಬೇಕು).

ಇಳುವರಿಯೂ ಕಡಿಮೆ, ಶುದ್ಧತೆಯೂ ಇಲ್ಲ. ವಿದ್ಯಾರ್ಥಿಗಳಿಗೆ ಇದನ್ನು ಹೇಗೆ ವಿವರಿಸಲಿ?

ಹರಳುನೋಟ

ಇಷ್ಟು ಪ್ರಾಮಾಣಿಕವಾಗಿ ಬರೆದ ನೋಟ್‌ಪುಸ್ತಕ ಸಿಗುವುದೇ ಅಪರೂಪ. ಮೊದಲು ಆ ತಂಡಕ್ಕೆ ಅದನ್ನು ಹೇಳಿ. ಉತ್ತರವೆಲ್ಲ ಅದರಲ್ಲೇ ಇದೆ.

ಪ್ರಯೋಗಾಲಯದಲ್ಲಿ ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ವಸ್ತು ಈಗ ಎಲ್ಲಿದೆ? ಲೆಕ್ಕ ಹಾಕೋಣ. ಕುದಿಯುವ 100 ಮಿ.ಲೀ. ನೀರಿನಲ್ಲಿ ಸುಮಾರು ಐದೂವರೆ ಗ್ರಾಂ ಅಸಿಟನಿಲೈಡ್ ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅಷ್ಟೇ ನೀರು ಹಿಡಿದಿಟ್ಟುಕೊಳ್ಳುವುದು ಸುಮಾರು ಅರ್ಧ ಗ್ರಾಂ. ಅಂದರೆ 5 ಗ್ರಾಂಗೆ 90 ಮಿ.ಲೀ. ಸುತ್ತಮುತ್ತ ಸಾಕು. ಬಿಸಿ ಸೋಸುವಿಕೆಗೆಂದು ಸ್ವಲ್ಪ ಹೆಚ್ಚು ಇಟ್ಟುಕೊಂಡರೂ 110–120 ಮಿ.ಲೀ. ಆಗ ತಣ್ಣಗಾದ ನೀರಿನಲ್ಲಿ ಉಳಿದುಹೋಗುವುದು ಸುಮಾರು 0.6 ಗ್ರಾಂ. ಈ ತಂಡ 250 ಮಿ.ಲೀ. ಹಾಕಿದ್ದರಿಂದ ಸುಮಾರು 1.25 ಗ್ರಾಂ ನೀರಿನಲ್ಲೇ ಉಳಿಯಿತು. ಮೇಲೆ 100 ಮಿ.ಲೀ. ತೊಳೆಯುವ ನೀರು ಹೆಚ್ಚೆಂದರೆ ಇನ್ನೊಂದು ಅರ್ಧ ಗ್ರಾಂ ಕರಗಿಸಬಲ್ಲದು. ಬೇಗ ಹರಿದುಹೋದದ್ದರಿಂದ ಪೂರ್ತಿ ಅಷ್ಟು ಹೋಗಿರಲಿಕ್ಕಿಲ್ಲ. ಮಿಕ್ಕದ್ದು ಆಲಿಕೆಯ ಮೇಲೆ ಬೆಳೆದ ಸೂಜಿಗಳಲ್ಲಿ, ಇದ್ದಿಲಿನಲ್ಲಿ, ಮತ್ತು ಕಚ್ಚಾ ಪುಡಿಯಲ್ಲಿ ಮೊದಲಿನಿಂದಲೂ ಇದ್ದ ಕಶ್ಮಲದ ತೂಕದಲ್ಲಿದೆ. ಏನೂ ಮಾಯವಾಗಿಲ್ಲ.

ಸೋಸಿ ಬಂದ ದ್ರಾವಣವನ್ನು ಆ ತಂಡ ಇನ್ನೂ ಇಟ್ಟಿದ್ದರೆ ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಆವಿಯಾಗಿಸಿ ತಣಿಸಲಿ. ಎರಡನೇ ಬೆಳೆ ಬರುತ್ತದೆ. ಅದರಲ್ಲಿ ಕಶ್ಮಲ ಹೆಚ್ಚಿರುತ್ತದೆ, ಆದ್ದರಿಂದ ಮೊದಲಿನ ಹರಳುಗಳ ಜೊತೆ ಬೆರೆಸಬಾರದು. ಬೇರೆಯಾಗಿ ತೂಗಿ, ಬೇರೆಯಾಗಿ ಕರಗುವ ಬಿಂದು ನೋಡಲಿ.

ಇನ್ನು ಆ ಎಣ್ಣೆಯಂಥ ಹನಿಗಳು. ಎಲ್ಲರೂ ಅದನ್ನು ಕಶ್ಮಲ ಎಂದುಕೊಳ್ಳುತ್ತಾರೆ. ಅದು ಅಸಿಟನಿಲೈಡೇ! ಒಣ ಅಸಿಟನಿಲೈಡ್ 114 °ಸೆ.ನಲ್ಲಿ ಕರಗುವುದು ನಿಜ, ಆದರೆ ನೀರಿನ ಸಹವಾಸದಲ್ಲಿ ಸುಮಾರು 83 °ಸೆ. ದಾಟಿದೊಡನೆ ನೀರನ್ನು ಒಳಗೆ ಸೇರಿಸಿಕೊಂಡ ದ್ರವವಾಗಿ ಬೇರ್ಪಡುತ್ತದೆ. ನೀರು ಸಾಲದಿದ್ದಾಗ ಕರಗದೆ ಉಳಿದ ಪಾಲು ಹೀಗೆ ತಳದಲ್ಲಿ ಹನಿಗಟ್ಟುತ್ತದೆ. ಅದನ್ನು ಹಾಗೆಯೇ ತಣಿಯಲು ಬಿಟ್ಟರೆ ಹನಿ ಗಟ್ಟಿಯಾಗಿ ಉಂಡೆಯಾಗುತ್ತದೆ. ಸಾವಯವ ಕಶ್ಮಲಗಳಿಗೆ ನೀರಿಗಿಂತ ಆ ಎಣ್ಣೆಯೇ ಪ್ರಿಯವಾದ್ದರಿಂದ ಅವು ಉಂಡೆಯೊಳಗೆ ಸಿಕ್ಕಿಬೀಳುತ್ತವೆ. ಹಾಗಾಗಿ ಹನಿ ಹೋಗುವವರೆಗೆ ನೀರು ಸೇರಿಸಿದ್ದು ಸರಿಯೇ. ಸೇರಿಸಿದ ರೀತಿ ಮಾತ್ರ ತಪ್ಪಿರಬೇಕು. ತಣ್ಣೀರನ್ನು ಒಮ್ಮೆಗೇ ಸುರಿದರೆ ಕುದಿ ನಿಲ್ಲುತ್ತದೆ, ಹನಿ ಕರಗಿದಂತೆ ಕಾಣುವುದಿಲ್ಲ, ಇನ್ನಷ್ಟು ಸುರಿಯಬೇಕು ಎನಿಸುತ್ತದೆ. ಪಕ್ಕದ ಬೀಕರಿನಲ್ಲಿ ನೀರನ್ನು ಕುದಿಯಲು ಇಟ್ಟುಕೊಂಡು, ಹತ್ತು ಹತ್ತು ಮಿ.ಲೀ. ಹಾಕಿ, ಪ್ರತಿ ಸಲವೂ ಮತ್ತೆ ಕುದಿ ಬರುವವರೆಗೆ ಕಾಯಬೇಕು.

ಸೋಸುಕಾಗದ

ಹರಳುನೋಟ ಅವರ ಲೆಕ್ಕಕ್ಕೆ ಸೇರಿಸುವುದು ಒಂದಿದೆ. ಬಿಸಿ ಸೋಸುವಿಕೆಯೂ ಈ ಪ್ರಯೋಗದಲ್ಲಿ ಬಹಳಷ್ಟು ವಸ್ತು ಕಳೆದುಹೋಗುವ ಜಾಗ. ಕುದಿಯುವ ಪರ್ಯಾಪ್ತ (ಇನ್ನು ಹೆಚ್ಚು ಕರಗಿಸಿಕೊಳ್ಳಲಾರದ) ದ್ರಾವಣವನ್ನು ತಣ್ಣಗಿನ ಗಾಜಿಗೆ ಸುರಿದರೆ ಹರಳು ಅಲ್ಲೇ ಬರುತ್ತದೆ, ಬೇರೆ ದಾರಿಯೇ ಇಲ್ಲ. ಉದ್ದ ಕಾಂಡದ ಆಲಿಕೆಯಾದರೆ ಕಾಂಡವೇ ಕಟ್ಟಿಕೊಳ್ಳುತ್ತದೆ. ಗಿಡ್ಡ ಕಾಂಡದ್ದು ಅಥವಾ ಕಾಂಡವಿಲ್ಲದ್ದು ಬೇಕು. ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಸಬೇಕು. ನೆರಿಗೆಯಿಂದ ಸೋಸುವ ಮೇಲ್ಮೈ ಹೆಚ್ಚುತ್ತದೆ, ಗಾಜಿಗೂ ಕಾಗದಕ್ಕೂ ನಡುವೆ ಗಾಳಿ ಓಡಾಡುತ್ತದೆ, ದ್ರಾವಣ ಬೇಗ ಇಳಿಯುತ್ತದೆ.

ಕೆಳಗಿನ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಕೆಲವು ಮಿ.ಲೀ. ನೀರು ಕುದಿಯುತ್ತಿರಲಿ. ಅದರ ಹಬೆ ಆಲಿಕೆಯನ್ನು ಸದಾ ಬಿಸಿಯಾಗಿಡುತ್ತದೆ. ದ್ರಾವಣವನ್ನು ಪೂರ್ತಿ ಸುರಿದುಬಿಡಬಾರದು, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಉಳಿದದ್ದನ್ನು ಕುದಿಯಲ್ಲೇ ಇಟ್ಟುಕೊಳ್ಳಬೇಕು. ಆದರೂ ಕಾಗದದ ಮೇಲೆ ಸೂಜಿ ಕಂಡರೆ ಕುದಿಯುವ ನೀರನ್ನು ಒಂದಿಷ್ಟು ಹಾಕಿ ಕರಗಿಸಿ ಕೆಳಗಿಳಿಸಿ. ಹೀಗೆ ಹೆಚ್ಚಾದ ನೀರನ್ನು ಆಮೇಲೆ ಕುದಿಸಿ ಇಳಿಸಬಹುದು. ಇದು ನೀರಿನ ಮಾತು. ದ್ರಾವಕ ಎಥನಾಲ್‌ನಂಥ ಉರಿಯುವ ದ್ರವವಾಗಿದ್ದರೆ ಜ್ವಾಲೆ ಹತ್ತಿರವೂ ಇರಬಾರದು, ಬಿಸಿನೀರಿನ ತೊಟ್ಟಿಯಲ್ಲಿಟ್ಟೇ ಬಿಸಿ ಮಾಡಬೇಕು.

ಇದ್ದಿಲಿನ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ದ್ರಾವಣಕ್ಕೆ ಬಣ್ಣವಿಲ್ಲದಿದ್ದರೆ ಇದ್ದಿಲು ಬೇಡವೇ ಬೇಡ. ಅದು ಬಣ್ಣದ ಅಣುಗಳ ಜೊತೆಗೆ ನಿಮ್ಮ ವಸ್ತುವನ್ನೂ ಹೀರಿಕೊಳ್ಳುತ್ತದೆ. ಬೇಕಾದಾಗಲೂ ವಸ್ತುವಿನ ತೂಕದ ಶೇ. 1–2ರಷ್ಟು ಸಾಕು. 5 ಗ್ರಾಂಗೆ ಚಿಟಿಕೆಯಷ್ಟು. ಮತ್ತು ಕುದಿಯುತ್ತಿರುವ ದ್ರಾವಣಕ್ಕೆ ಎಂದೂ ಹಾಕಬಾರದು. ಇದ್ದಿಲಿನ ರಂಧ್ರಗಳಲ್ಲಿರುವ ಗಾಳಿಯಿಂದ ಗುಳ್ಳೆಗಳು ಒಮ್ಮೆಗೇ ಎದ್ದು ಇಡೀ ದ್ರಾವಣ ಉಕ್ಕಿ ಕೈಮೇಲೆ ಬರುತ್ತದೆ. ಉರಿಯಿಂದ ಇಳಿಸಿ, ಕುದಿ ಪೂರ್ತಿ ನಿಂತ ಮೇಲೆ ಹಾಕಿ, ಆನಂತರ ಮತ್ತೆ ಬಿಸಿ ಮಾಡಬೇಕು.

ಮೂರನೇಬೆಂಚು

ನಾನು ವಿದ್ಯಾರ್ಥಿ. ಇದೇ ಪ್ರಯೋಗ ನಮಗೂ ಇತ್ತು. ಎರಡು ಅನುಮಾನ. ಬೇಗ ಮುಗಿಯಲಿ ಎಂದು ಬಿಸಿ ಫ್ಲಾಸ್ಕನ್ನು ನೇರವಾಗಿ ಮಂಜುಗಡ್ಡೆಯಲ್ಲಿಟ್ಟರೆ ಏನಾಗುತ್ತದೆ? ಹರಳಂತೂ ಬಂದೇ ಬರುತ್ತದಲ್ಲವೇ? ಇನ್ನೊಂದು, ಕರಗುವ ಬಿಂದು ಕಡಿಮೆ ಬಂದರೆ ಮತ್ತೊಮ್ಮೆ ಮರುಸ್ಫಟಿಕೀಕರಣ ಮಾಡಬೇಕು ಎಂದು ನಮಗೆ ಹೇಳಿದ್ದಾರೆ. 108–112 ಬಂದ ಆ ತಂಡವೂ ಹಾಗೆ ಮಾಡಬೇಕೇ?

ಹರಳುನೋಟ

ಮೊದಲನೆಯದಕ್ಕೆ: ಬರುತ್ತದೆ, ಆದರೆ ಎಂಥದ್ದು ಬರುತ್ತದೆ ಎನ್ನುವುದು ಮುಖ್ಯ. ನಿಧಾನವಾಗಿ ಬೆಳೆಯುವ ಹರಳಿನ ಮೇಲ್ಮೈಗೆ ಅಣುಗಳು ಬಂದು ಅಂಟುತ್ತವೆ, ಬಿಡುತ್ತವೆ, ಮತ್ತೆ ಅಂಟುತ್ತವೆ. ಜಾಲಕ್ಕೆ ಹೊಂದದ ಕಶ್ಮಲದ ಅಣು ಗಟ್ಟಿಯಾಗಿ ಕೂರಲಾರದೆ ದ್ರಾವಣಕ್ಕೆ ಮರಳುತ್ತದೆ. ಶುದ್ಧೀಕರಣ ನಡೆಯುವುದೇ ಈ ಬಂದುಹೋಗುವಿಕೆಯಲ್ಲಿ. ಒಮ್ಮೆಗೇ ತಣಿಸಿದರೆ ಆ ಅವಕಾಶ ಸಿಗುವುದಿಲ್ಲ. ಸಣ್ಣ ಪುಡಿ ಬೀಳುತ್ತದೆ. ಅದರ ಮೇಲ್ಮೈ ಹೆಚ್ಚಾದ್ದರಿಂದ ಕೊಳೆ ದ್ರಾವಣ ಅಂಟಿಕೊಂಡೇ ಉಳಿಯುತ್ತದೆ. ಮೊದಲು ಮೇಜಿನ ಮೇಲೆ ಅಲ್ಲಾಡಿಸದೆ ತಣಿಯಲು ಬಿಡಿ. ಕೋಣೆಯ ಉಷ್ಣತೆಗೆ ಬಂದ ಮೇಲೆ ಮಂಜುಗಡ್ಡೆಯಲ್ಲಿಡಿ. ಆಗ ಮಂಜುಗಡ್ಡೆಯಿಂದ ಇಳುವರಿ ಹೆಚ್ಚುತ್ತದೆ, ಶುದ್ಧತೆಗೆ ಧಕ್ಕೆಯಿಲ್ಲ.

ತಣ್ಣಗಾದರೂ ಹರಳು ಬರದಿದ್ದರೆ ದ್ರಾವಣ ಅತಿಪರ್ಯಾಪ್ತವಾಗಿ, ಅಂದರೆ ಹಿಡಿಯಬೇಕಾದದ್ದಕ್ಕಿಂತ ಹೆಚ್ಚು ವಸ್ತುವನ್ನು ಹಿಡಿದುಕೊಂಡು, ನಿಂತಿರಬಹುದು. ಗಾಜಿನ ಕಡ್ಡಿಯಿಂದ ದ್ರವದ ಮಟ್ಟಕ್ಕೆ ತುಸು ಕೆಳಗೆ ಫ್ಲಾಸ್ಕಿನ ಒಳಗೋಡೆಯನ್ನು ಕೆರೆಯಿರಿ. ಕೆರೆದ ಗೆರೆಯ ಉದ್ದಕ್ಕೂ ಹರಳು ಮೂಡುವುದನ್ನು ಕಣ್ಣಾರೆ ಕಾಣಬಹುದು. ಶುದ್ಧ ಹರಳಿನ ಒಂದು ಚೂರನ್ನು ಬೀಜವಾಗಿ ಹಾಕಿದರೂ ಆಗುತ್ತದೆ. ಎರಡಕ್ಕೂ ಜಗ್ಗದಿದ್ದರೆ ದ್ರಾವಕ ಹೆಚ್ಚಾಗಿದೆ ಎಂದೇ ಅರ್ಥ, ಸ್ವಲ್ಪ ಆವಿಯಾಗಿಸಿ.

ತೊಳೆಯುವಾಗ ಮಂಜುಗಡ್ಡೆಯಲ್ಲಿಟ್ಟ ತಣ್ಣನೆಯ ನೀರು, ಅದೂ ಹರಳು ನೆನೆಯುವಷ್ಟು ಮಾತ್ರ. ಸೋಸಿ ಮುಗಿದ ಮೇಲೆ ಮೊದಲು ರಬ್ಬರ್ ಕೊಳವೆ ಬಿಡಿಸಿ, ಆಮೇಲೆ ನೀರಿನ ಪಂಪ್ ನಿಲ್ಲಿಸಿ. ತಿರುವುಮುರುವಾದರೆ ನಲ್ಲಿಯ ನೀರು ಹಿಮ್ಮುಖವಾಗಿ ಫ್ಲಾಸ್ಕಿಗೆ ನುಗ್ಗುತ್ತದೆ. ಅಂದಹಾಗೆ, ಪಂಪ್ ಹಾಕಿ ಸೋಸಲು ಬಳಸುವ ಆ ಬುಕ್ನರ್ ಆಲಿಕೆ 1907ರಲ್ಲಿ ನೊಬೆಲ್ ಪಡೆದ ಎಡ್ವರ್ಡ್ ಬುಕ್ನರ್ ಅವರದಲ್ಲ. ಅದಕ್ಕೆ ಹೆಸರು ಬಂದದ್ದು ಎರ್ನ್ಸ್ಟ್ ಬುಕ್ನರ್ ಎಂಬ ಕೈಗಾರಿಕಾ ರಸಾಯನಜ್ಞರಿಂದ. ವಿದ್ಯಾರ್ಥಿಗಳು ಇದನ್ನು ಆಗಾಗ ತಪ್ಪಾಗಿ ಬರೆಯುತ್ತಾರೆ.

ಲೋಮನಾಳ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ಮತ್ತೊಮ್ಮೆ ಮಾಡುವುದು ಬೇಡ, ಮೊದಲು ಒಣಗಿಸಿ. ಆ ತಂಡ ಸೋಸಿದ ದಿನವೇ ಕರಗುವ ಬಿಂದು ನೋಡಿದೆ. ಹರಳಿನ ನಡುವೆ ಉಳಿದ ನೀರೂ ಒಂದು ಕಶ್ಮಲವೇ. ಅದೂ ಬಿಂದುವನ್ನು ಇಳಿಸುತ್ತದೆ, ವ್ಯಾಪ್ತಿಯನ್ನು ಹಿಗ್ಗಿಸುತ್ತದೆ. ಮತ್ತೆ ಮರುಸ್ಫಟಿಕೀಕರಣ ಮಾಡಿದರೆ ಇನ್ನೊಂದು ಅರ್ಧ ಗ್ರಾಂ ಕೈಬಿಟ್ಟುಹೋಗುತ್ತದೆ, ಒದ್ದೆಯಾಗಿಯೇ ನೋಡಿದರೆ ಸಂಖ್ಯೆಯೂ ಬದಲಾಗುವುದಿಲ್ಲ. ಸೋಸುಕಾಗದಗಳ ನಡುವೆ ಒತ್ತಿ, ಗಾಳಿಯಲ್ಲಿ ಹರಡಿ, ಎರಡು ಸಲ ತೂಗಿದಾಗ ತೂಕ ಒಂದೇ ಬರುವವರೆಗೆ ಬಿಡಿ. ಹಾಗೆ ನೋಡಿದರೆ ಅವರ 2.6 ಗ್ರಾಂನಲ್ಲೂ ಒಂದಿಷ್ಟು ನೀರಿನ ತೂಕವೇ ಇರಬಹುದು. ಪೂರ್ತಿ ಒಣಗಿದ ಮೇಲೂ 108–112 ಬಂದರೆ ಮಾತ್ರ ಮತ್ತೆ ಮಾಡಿ.

ಕರಗುವ ಬಿಂದುವನ್ನು ಒಂದೇ ಸಂಖ್ಯೆಯಾಗಿ ಬರೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿಸಿ. ಲೋಮನಾಳದಲ್ಲಿ (ಪುಡಿ ತುಂಬುವ ಬಹಳ ಸಣ್ಣ ಗಾಜಿನ ನಾಳ) ನಡೆಯುವುದನ್ನು ಗಮನವಿಟ್ಟು ನೋಡಿ. ಎರಡು ಮೂರು ಮಿ.ಮೀ. ಎತ್ತರಕ್ಕೆ ಪುಡಿಯನ್ನು ಬಿಗಿಯಾಗಿ ತುಂಬಿರುತ್ತೀರಿ. ಬಿಂದು ಹತ್ತಿರವಾದಂತೆ ಪುಡಿ ಮೊದಲು ಗೋಡೆಯಿಂದ ಬಿಟ್ಟು ಕುಗ್ಗುತ್ತದೆ. ಅದು ಕರಗುವಿಕೆ ಅಲ್ಲ. ಆಮೇಲೆ ಅಂಚಿನಲ್ಲಿ ಮೊದಲ ಸಣ್ಣ ಹನಿ ಹೊಳೆಯುತ್ತದೆ. ಅದು ಮೊದಲ ಓದು. ಕೊನೆಯ ಬಿಳಿ ಚೂರು ಕರಗಿ ದ್ರವ ತಿಳಿಯಾದಾಗ ಎರಡನೇ ಓದು. ಶುದ್ಧ ವಸ್ತುವಿಗೆ ಇವೆರಡರ ಅಂತರ 1 °ಸೆ. ಆಸುಪಾಸು. ಬಿಂದುವಿಗೆ 15–20 ಡಿಗ್ರಿ ಕೆಳಗಿರುವವರೆಗೆ ಬೇಗ ಬಿಸಿ ಮಾಡಬಹುದು, ಅಲ್ಲಿಂದ ಮುಂದೆ ನಿಮಿಷಕ್ಕೆ 1–2 ಡಿಗ್ರಿ ಮಾತ್ರ. ಅವಸರ ಮಾಡಿದರೆ ಪುಡಿಯ ಉಷ್ಣತೆ ಒಂದಿರುತ್ತದೆ, ಥರ್ಮಾಮೀಟರ್ ತೋರಿಸುವುದು ಇನ್ನೊಂದು. ಒಮ್ಮೆ ಕರಗಿದ ನಾಳವನ್ನು ಮತ್ತೆ ಬಳಸಬೇಡಿ.

ಮಿಶ್ರ ಕರಗುವ ಬಿಂದುವನ್ನೂ ಮೊದಲ ವರ್ಷದಲ್ಲೇ ತೋರಿಸಬೇಕು ಎಂದು ನನ್ನ ಒತ್ತಾಯ. ಯೂರಿಯಾ ಮತ್ತು ಸಿನ್ನಮಿಕ್ ಆಮ್ಲ ಎರಡೂ ಬಿಳಿ, ಎರಡೂ ಸುಮಾರು 133 °ಸೆ.ನಲ್ಲಿ ಕರಗುತ್ತವೆ. ಒಂದನ್ನು ಗುರುತು ಹೇಳದೆ ಕೊಟ್ಟರೆ ಕರಗುವ ಬಿಂದುವಿನಿಂದ ಮಾತ್ರ ಹೇಳಲಾಗುವುದಿಲ್ಲ. ಆದರೆ ಗೊತ್ತಿರುವ ಯೂರಿಯಾವನ್ನು ಅದಕ್ಕೆ ಅರೆದು ಬೆರೆಸಿ. ಬಿಂದು 133ರಲ್ಲೇ ನಿಂತರೆ ಅದು ಯೂರಿಯಾ. ಬಹಳಷ್ಟು ಕೆಳಗಿಳಿದು ವ್ಯಾಪ್ತಿ ಹಿಗ್ಗಿದರೆ ಅಲ್ಲ. ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಕಶ್ಮಲ ಬಿಂದುವನ್ನು ಏಕೆ ಇಳಿಸುತ್ತದೆ ಎಂದು ಬಾಯಿಪಾಠ ಮಾಡಿಸಬೇಕಿಲ್ಲ.

ಮೂರನೇಬೆಂಚು

ತುಂಬಾ ಉಪಕಾರವಾಯಿತು. ಇದೇ ಜಾಗದಲ್ಲಿ ಇನ್ನೊಂದನ್ನೂ ಕೇಳುತ್ತೇನೆ. ಮುಂದಿನ ವಾರ ಬೆಂಜೋಯಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಮಿಶ್ರಣವನ್ನು ಈಥರ್‌ನಲ್ಲಿ ಕರಗಿಸಿ, ಬೈಕಾರ್ಬೊನೇಟ್ ದ್ರಾವಣದಿಂದ ಬೇರ್ಪಡಿಸಬೇಕು. ಬೇರ್ಪಡಿಸುವ ಆಲಿಕೆಯಲ್ಲಿ ಎರಡು ಪದರವೂ ನೀರಿನಂತೆಯೇ ಕಾಣುತ್ತವಂತೆ. ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಎರಡುಪದರ

ಸಾಂದ್ರತೆ ನೆನಪಿಟ್ಟರೆ ಸಾಮಾನ್ಯವಾಗಿ ಸಾಕು. ಈಥರ್‌ನದು 0.71, ಅದು ಮೇಲೆ. ಡೈಕ್ಲೋರೋಮೀಥೇನ್‌ನದು 1.33, ಅದು ಕೆಳಗೆ. ಆದರೆ ನೆನಪಿಗಿಂತ ಪರೀಕ್ಷೆ ಮೇಲು. ಆಲಿಕೆಗೆ ಕೆಲವು ಹನಿ ನೀರು ಬಿಡಿ, ಆ ಹನಿಗಳು ಯಾವ ಪದರಕ್ಕೆ ಸೇರಿಕೊಳ್ಳುತ್ತವೆಯೋ ಅದೇ ನೀರಿನ ಪದರ. ಇಷ್ಟೆಲ್ಲ ಆದ ಮೇಲೂ, ಅಂತಿಮ ವಸ್ತುವನ್ನು ತೂಗಿ ಮುಗಿಸುವವರೆಗೆ ಯಾವ ಪದರವನ್ನೂ ಚೆಲ್ಲಬೇಡಿ. ಪ್ರತಿ ಫ್ಲಾಸ್ಕಿಗೂ ಹೆಸರು ಬರೆದಿಡಿ. ಹರಳುನೋಟ ಅವರು ಹೇಳಿದ ‘ವಸ್ತು ಎಲ್ಲಿದೆ’ ಎಂಬ ಪ್ರಶ್ನೆಗೆ ಇಲ್ಲಿ ತಪ್ಪು ಉತ್ತರ ಕೊಟ್ಟರೆ ಅದು ಚರಂಡಿಯಲ್ಲಿದೆ ಎಂದಾಗುತ್ತದೆ.

ನಿಮ್ಮ ಪ್ರಯೋಗದಲ್ಲಿ ಆಗುವುದು ಇಷ್ಟು. ಬೆಂಜೋಯಿಕ್ ಆಮ್ಲ ಬೈಕಾರ್ಬೊನೇಟಿನೊಂದಿಗೆ ವರ್ತಿಸಿ ಸೋಡಿಯಂ ಬೆಂಜೋಯೇಟ್ ಆಗುತ್ತದೆ. ಲವಣವಾದ ಮೇಲೆ ಅದಕ್ಕೆ ಈಥರ್ ಹಿಡಿಸುವುದಿಲ್ಲ, ನೀರಿಗೆ ಇಳಿಯುತ್ತದೆ. ನ್ಯಾಫ್ತಲೀನ್‌ನಲ್ಲಿ ಆಮ್ಲ ಗುಣವಿಲ್ಲ, ಈಥರ್‌ನಲ್ಲೇ ಉಳಿಯುತ್ತದೆ. ನೀರಿನ ಪದರಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸುತ್ತಾ ಹೋದರೆ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಬೆಂಜೋಯಿಕ್ ಆಮ್ಲ ಬಿಳಿಯಾಗಿ ಬೀಳುತ್ತದೆ. ನೀಲಿ ಲಿಟ್ಮಸ್ ಕೆಂಪಾಗುವವರೆಗೆ ಸೇರಿಸಿ. ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದು ಲವಣವಾಗಿ ನೀರಿನಲ್ಲೇ ಉಳಿಯುತ್ತದೆ. ಈಥರ್ ಪದರವನ್ನು ನಿರ್ಜಲ ಸೋಡಿಯಂ ಸಲ್ಫೇಟ್ ಹಾಕಿ ಒಣಗಿಸಿ. ಹಾಕಿದ್ದೆಲ್ಲ ಗಂಟುಕಟ್ಟಿದರೆ ಇನ್ನಷ್ಟು ಬೇಕು, ಕೆಲವು ಕಣಗಳಾದರೂ ಬಿಡಿಬಿಡಿಯಾಗಿ ತೇಲಾಡಿದರೆ ಸಾಕಾಯಿತು.

ಬೈಕಾರ್ಬೊನೇಟ್ ಬಳಸುವುದರಿಂದ ಒಂದು ಎಚ್ಚರಿಕೆ. ಆಮ್ಲ ಸೇರಿದೊಡನೆ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಜೊತೆಗೆ ಈಥರ್‌ನ ಆವಿ. ಮುಚ್ಚುವ ಮೊದಲು ಆಲಿಕೆಯನ್ನು ತೆರೆದಿಟ್ಟೇ ಮೆಲ್ಲಗೆ ತಿರುಗಿಸಿ ಗುಳ್ಳೆ ಅಡಗಲು ಬಿಡಿ. ಮುಚ್ಚಿದ ಮೇಲೆ ಬಿರಡೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ತಲೆಕೆಳಗು ಮಾಡಿ, ಒಮ್ಮೆ ಅಲ್ಲಾಡಿಸಿ, ಕಾಂಡವನ್ನು ಯಾರ ಮುಖಕ್ಕೂ ತಿರುಗಿಸದೆ ತಿರುಪು ತೆರೆದು ಒತ್ತಡ ಬಿಡಿ. ‘ಸುಯ್’ ಎನ್ನುವ ಸದ್ದು ನಿಲ್ಲುವವರೆಗೆ ಇದೇ ಪುನರಾವರ್ತನೆ. ಕೆಳಪದರ ಇಳಿಸುವಾಗ ಮೇಲಿನ ಬಿರಡೆ ತೆಗೆಯಲು ಮರೆಯಬೇಡಿ, ಇಲ್ಲವಾದರೆ ದ್ರವ ಇಳಿಯುವುದೇ ಇಲ್ಲ. ಮೇಲಿನ ಪದರವನ್ನು ಮೇಲಿನ ಬಾಯಿಂದಲೇ ಸುರಿಯಬೇಕು.

ಇನ್ನೊಂದು: ಒಂದೇ ಸಲ ಹೆಚ್ಚು ದ್ರಾವಕ ಹಾಕುವುದಕ್ಕಿಂತ ಹಲವು ಸಲ ಸ್ವಲ್ಪ ಸ್ವಲ್ಪ ಹಾಕುವುದು ಏಕೆ ಒಳ್ಳೆಯದು? ವಸ್ತುವೊಂದು ನೀರಿಗಿಂತ ಈಥರ್‌ನಲ್ಲಿ ಮೂರು ಪಟ್ಟು ಹೆಚ್ಚು ಹಂಚಿಕೆಯಾಗುತ್ತದೆ ಎಂದುಕೊಳ್ಳಿ. 100 ಮಿ.ಲೀ. ನೀರಿಗೆ 100 ಮಿ.ಲೀ. ಈಥರನ್ನು ಒಮ್ಮೆಗೇ ಹಾಕಿದರೆ ನೀರಿನಲ್ಲಿ ಶೇ. 25 ಉಳಿಯುತ್ತದೆ. ಅದೇ ಈಥರನ್ನು ಮೂರು ಸಮಪಾಲು ಮಾಡಿ ಮೂರು ಸಲ ತೆಗೆದರೆ ಪ್ರತಿ ಸಲವೂ ಇದ್ದದ್ದರ ಅರ್ಧ ಹೊರಬರುತ್ತದೆ. ಕೊನೆಗೆ ಉಳಿಯುವುದು ಶೇ. 12.5. ಈಥರ್ ಅಷ್ಟೇ, ನಷ್ಟ ಅರ್ಧ.

ನೀಲಿಜ್ವಾಲೆ

ಈಥರ್ ಇರುವ ದಿನ ಬರ್ನರ್‌ಗಳನ್ನೆಲ್ಲ ಕಪಾಟಿನಲ್ಲಿ ಬೀಗ ಹಾಕಿಡಲು ನಿರ್ಧರಿಸಿದ್ದೇವೆ. ಅದು ಅತಿಯಾಯಿತೇ?

ಎರಡುಪದರ

ಖಂಡಿತ ಅತಿಯಲ್ಲ. ಈಥರ್ ಕುದಿಯುವುದು ಸುಮಾರು 35 °ಸೆ.ನಲ್ಲಿ. ಅದರ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದುಕೊಂಡು ದೂರದ ಜ್ವಾಲೆಯನ್ನೂ ತಲುಪುತ್ತದೆ. ಚೆನ್ನಾಗಿ ಕಾದ ಹಾಟ್‌ಪ್ಲೇಟಿನ ಮೇಲ್ಮೈಯಿಂದಲೇ ಹೊತ್ತಿಕೊಳ್ಳಬಹುದು, ಕಿಡಿಯೂ ಬೇಕಿಲ್ಲ. ಕನ್ನಡಕ ಎಲ್ಲರಿಗೂ ಕಡ್ಡಾಯ, ಸುಮ್ಮನೆ ನಿಂತು ನೋಡುವವರಿಗೂ. ಡೈಕ್ಲೋರೋಮೀಥೇನ್ ಬಳಸಿದರೆ ಅದರ ತ್ಯಾಜ್ಯಕ್ಕೆ ಪ್ರತ್ಯೇಕ ಡಬ್ಬಿ ಇಡಿ.

ನೀಲಿಜ್ವಾಲೆ

ಬಟ್ಟಿ ಇಳಿಸುವ ಪ್ರಯೋಗದಲ್ಲಿ ಉಷ್ಣತೆ 78ರಲ್ಲಿ ಸ್ಥಿರವಾಗಿ ನಿಂತಿತು, ಆದ್ದರಿಂದ ಬಂದದ್ದು ಶುದ್ಧ ಎಥನಾಲ್ ಎಂದು ಕೆಲವರು ಬರೆದಿದ್ದಾರೆ. ಅಂಕ ಕೊಡಬಹುದೇ?

ಲೋಮನಾಳ

ವೀಕ್ಷಣೆಗೆ ಕೊಡಿ, ತೀರ್ಮಾನಕ್ಕೆ ಬೇಡ. ಶುದ್ಧ ಎಥನಾಲ್ 78.4 °ಸೆ.ನಲ್ಲಿ ಕುದಿಯುತ್ತದೆ. ತೂಕದಲ್ಲಿ ಸುಮಾರು ಶೇ. 95.6 ಎಥನಾಲ್, ಉಳಿದದ್ದು ನೀರು ಇರುವ ಮಿಶ್ರಣ 78.2ರಲ್ಲಿ ಒಂದೇ ವಸ್ತುವೆಂಬಂತೆ ಸ್ಥಿರವಾಗಿ ಕುದಿಯುತ್ತದೆ. ಸಾಮಾನ್ಯ ಥರ್ಮಾಮೀಟರಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಬಟ್ಟಿ ಇಳಿಸಲು ಎಷ್ಟು ಉದ್ದದ ಸ್ತಂಭ ಇಟ್ಟರೂ ಆ ನೀರು ಬಿಡುವುದಿಲ್ಲ. ಕರಗುವ ಬಿಂದುವಿನಲ್ಲೂ ಇಂಥದ್ದಿದೆ: ಒಂದು ನಿರ್ದಿಷ್ಟ ಪ್ರಮಾಣದ ಮಿಶ್ರಣ ಶುದ್ಧ ವಸ್ತುವಿನಂತೆಯೇ ಚುರುಕಾಗಿ ಕರಗುತ್ತದೆ.

ಜೋಡಣೆಯನ್ನೂ ಒಮ್ಮೆ ನೋಡಿ. ಥರ್ಮಾಮೀಟರಿನ ಬುರುಡೆಯ ಮೇಲಂಚು ಪಕ್ಕದ ಕೊಳವೆಯ ಕೆಳಅಂಚಿಗೆ ಸಮವಾಗಿರಬೇಕು. ಬುರುಡೆ ಅದಕ್ಕಿಂತ ಮೇಲಿದ್ದರೆ ಆವಿ ಅದನ್ನು ಪೂರ್ತಿ ಆವರಿಸದೆ ಉಷ್ಣತೆ ಕಡಿಮೆ ತೋರಿಸುತ್ತದೆ. ಕಂಡೆನ್ಸರ್‌ಗೆ ನೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಕುದಿಗಲ್ಲುಗಳನ್ನು (ದ್ರವ ಒಮ್ಮೆಗೇ ಉಕ್ಕದಿರಲೆಂದು ಹಾಕುವ ಸಣ್ಣ ಚೂರುಗಳು) ಬಿಸಿ ಮಾಡುವ ಮೊದಲೇ ಹಾಕಬೇಕು. ಫ್ಲಾಸ್ಕನ್ನು ಪೂರ್ತಿ ಬತ್ತಿಸಬಾರದು, ವಿಶೇಷವಾಗಿ ಈಥರ್ ಇದ್ದರೆ. ಹಳೆಯ ಈಥರ್‌ನಲ್ಲಿ ಪೆರಾಕ್ಸೈಡ್ ಸೇರಿರುತ್ತದೆ, ಬತ್ತಿದಾಗ ಅದು ಸಾಂದ್ರವಾಗಿ ಸ್ಫೋಟಿಸಬಹುದು.

ಮೂರನೇಬೆಂಚು

ಶುದ್ಧತೆಗೆ ಕರಗುವ ಬಿಂದುವೂ ಪೂರ್ತಿ ಸಾಕ್ಷಿಯಲ್ಲ, ಕುದಿಬಿಂದುವೂ ಅಲ್ಲ ಎಂದಾದರೆ ಮೊದಲ ವರ್ಷದವರು ನಂಬಬೇಕಾದದ್ದು ಯಾವುದನ್ನು?

ಹರಳುನೋಟ

ಒಂದನ್ನೇ ನಂಬಬೇಡಿ. ಕರಗುವ ಬಿಂದುವಿನ ಜೊತೆಗೆ ತೆಳುಪದರ ವರ್ಣರೇಖನ (ಸಿಲಿಕಾ ಬಳಿದ ಫಲಕದಲ್ಲಿ ದ್ರಾವಕ ಮೇಲೇರುವಾಗ ವಸ್ತುಗಳು ಬೇರೆ ಬೇರೆ ಎತ್ತರಕ್ಕೆ ಏರಿ ಬೇರ್ಪಡುವ ಪರೀಕ್ಷೆ) ಮಾಡಿ, ಎರಡೂ ಒಂದೇ ಮಾತು ಹೇಳಿದರೆ ಧೈರ್ಯ ಬರುತ್ತದೆ. ಆಸ್ಪಿರಿನ್ ತಯಾರಿಸಿದ ದಿನ ಇದನ್ನು ಮಾಡಿಸಿ. ಒಂದೇ ಸಿಲಿಕಾ ಫಲಕದಲ್ಲಿ ಎಡಕ್ಕೆ ಆಸ್ಪಿರಿನ್ನಿನ ಕಚ್ಚಾವಸ್ತುವಾದ ಸ್ಯಾಲಿಸಿಲಿಕ್ ಆಮ್ಲ, ಬಲಕ್ಕೆ ತಯಾರಿಸಿದ ವಸ್ತು, ನಡುವೆ ಒಂದೇ ಚುಕ್ಕಿಯ ಮೇಲೆ ಎರಡೂ. ಆಮ್ಲ ಉಳಿದಿದ್ದರೆ ಬಲಗಡೆಯ ಸಾಲಿನಲ್ಲಿ ಎಡಗಡೆಯ ಎತ್ತರಕ್ಕೇ ಎರಡನೇ ಕಲೆ ಕಾಣುತ್ತದೆ.

ಆರಂಭದ ಗೆರೆಯನ್ನು ಪೆನ್ಸಿಲ್‌ನಿಂದಲೇ ಎಳೆಯಿರಿ, ಪೆನ್ನಿನ ಶಾಯಿ ದ್ರಾವಕದ ಜೊತೆ ತಾನೂ ಮೇಲೇರುತ್ತದೆ. ಚುಕ್ಕಿ ಚಿಕ್ಕದಾಗಿರಲಿ, ಪಾತ್ರೆಯ ದ್ರಾವಕದ ಮಟ್ಟಕ್ಕಿಂತ ಮೇಲಿರಲಿ. ಮುಳುಗಿದರೆ ವಸ್ತು ಫಲಕ ಏರುವ ಬದಲು ಪಾತ್ರೆಗೆ ಇಳಿಯುತ್ತದೆ. ಆಮ್ಲಗಳ ಕಲೆ ಬಾಲದಂತೆ ಉದ್ದವಾದರೆ ದ್ರಾವಕಕ್ಕೆ ಕೆಲವು ಹನಿ ಅಸಿಟಿಕ್ ಆಮ್ಲ ಸೇರಿಸಿ. ಫಲಕ ಹೊರತೆಗೆದ ಕ್ಷಣವೇ ದ್ರಾವಕ ಏರಿದ ಮಟ್ಟವನ್ನು ಗುರುತಿಸಿ, ಒಣಗಿದ ಮೇಲೆ ಅದು ಕಾಣುವುದಿಲ್ಲ. ದ್ರಾವಕ 6.0 ಸೆಂ.ಮೀ. ಏರಿ, ಕಲೆ 2.4 ಸೆಂ.ಮೀ. ಏರಿದ್ದರೆ ಅನುಪಾತ 0.40. ಆದರೆ ಈ ಸಂಖ್ಯೆ ಫಲಕದಿಂದ ಫಲಕಕ್ಕೆ ತುಸು ಬದಲಾಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಫಲಕದಲ್ಲಿ ಅಕ್ಕಪಕ್ಕ ಓಡಿಸಿ ಹೋಲಿಸಬೇಕು.

ನೋಡಲು 254 ನ್ಯಾನೋಮೀಟರ್‌ನ ಅತಿನೇರಳೆ ದೀಪ ಸಾಕು, ಹೊಳೆಯುವ ಫಲಕದ ಮೇಲೆ ಇವೆರಡರ ಕಲೆಗಳೂ ಕಾಣುತ್ತವೆ. ದೀಪವನ್ನು ನೇರವಾಗಿ ನೋಡಬೇಡಿ. ದೀಪವಿಲ್ಲದ ಕಡೆ ಅಯೋಡಿನ್ ಹರಳಿರುವ ಮುಚ್ಚಿದ ಪಾತ್ರೆಯಲ್ಲಿ ಫಲಕವನ್ನು ಇಡಬಹುದು. ಹಾಗೆ ಬರುವ ಕಂದು ಕಲೆ ಹೊರಗಿಟ್ಟ ಸ್ವಲ್ಪ ಹೊತ್ತಿನಲ್ಲೇ ಮಾಸಿಹೋಗುತ್ತದೆ, ಆದ್ದರಿಂದ ತೆಗೆದ ಕೂಡಲೇ ಪ್ರತಿ ಕಲೆಯ ಸುತ್ತಲೂ ಪೆನ್ಸಿಲ್‌ನಿಂದ ಗೆರೆ ಎಳೆದು ನೋಟ್‌ಪುಸ್ತಕಕ್ಕೆ ಅದೇ ಅಳತೆಯಲ್ಲಿ ಚಿತ್ರ ಇಳಿಸಿಕೊಳ್ಳಿ.